ಸರದಿ ಅವನದು

ಕುತೈಸಿಯಲ್ಲಿ ಆ ಚಳಿಗಾಲ ಕರೆಂಟಿರಲಿಲ್ಲ.
ಚದುರಂಗದ ಕ್ಲಾಸಿಗೆ ಫೀಸೆಂದರೆ
ತಲೆಗೊಂದು ಸೌದೆ ತುಂಡು.
ಬೋಂದೋ ಒಮ್ಮೆ ಕುರ್ಚಿಯ ಕಾಲು ತಂದಿದ್ದ;
ಯಾರ ಮನೆಯದೆಂದು ಮಾರೇಖಿ ಟೀಚರ್ ಕೇಳಲಿಲ್ಲ,
ಒಲೆಗೆ ಹಾಕಿ
ಗೋಡೆಯ ದೊಡ್ಡ ಹಲಗೆಗೆ ಚಿಮಣಿ ಹಿಡಿದರು.

ಐದೇ ಕಾಯಿ.
ನಮ್ಮ ಬಿಳಿ ರಾಜ ಡಿ ಐದರಲ್ಲಿ.
ಅವನ ಕಾಲಾಳುಗಳಲ್ಲಿ ಒಬ್ಬ
ಸಿ ಆರರವರೆಗೆ ನುಗ್ಗಿ ಉಸಿರು ಬಿಗಿಹಿಡಿದವನು,
ಇನ್ನೊಬ್ಬ ಅಂಚಿನಲ್ಲಿ
ಎದುರಾಳಿಯ ಒಂಟಿ ಕಾಲಾಳಿಗೆ ಎದೆಯೊತ್ತಿ ನಿಂತವನು.
ಈ ಅಂಚಿನವನು ಅಸಲಿ ಕಾಯಲ್ಲ,
ಮಾರೇಖಿಯ ಗಂಡನ ಕೋಟಿನ ಗುಂಡಿ.
ಕೋಟು ಎಲ್ಲಿ, ಗಂಡ ಎಲ್ಲಿ,
ಕೇಳುವ ಹಾಗಿರಲಿಲ್ಲ.
ಕಪ್ಪು ರಾಜ ಸಿ ಎಂಟರಲ್ಲಿ,
ಹೊಸ್ತಿಲಲ್ಲಿ ಕೂತು ಏಳಲೊಲ್ಲದ ಮುದುಕ.

"ನಡೆ ನಿಮ್ಮದು. ಗೆಲ್ಲಿ.
ಕೈ ತೊಡೆಯ ಕೆಳಗೆ!"

ಅದು ಅವರ ಮೊದಲ ಪಾಠ, ಕೊನೆಯದೂ.
ಕೈಗೆ ತೋಚಿದ್ದು ನಡೆಯಲ್ಲ, ಬರೀ ತುರಿಕೆ.
ನಾವು ಅಂಗೈ ಮೇಲೆ ಕೂತೆವು.
ಪಾಠ ಹಾಗಿರಲಿ,
ಬೆರಳಿಗೆ ಇಡೀ ಊರಲ್ಲಿ ಅದೊಂದೇ ಬೆಚ್ಚನೆ ಜಾಗ.

ಓತಾರ್ ರಾಜನನ್ನು ಮುಂದೆ ನುಗ್ಗಿಸಿದ, ಡಿ ಆರಕ್ಕೆ.
ಕಪ್ಪು ರಾಜ ಪಕ್ಕಕ್ಕೆ ಸರಿದು ಮುಖಾಮುಖಿ ನಿಂತ.
ಕಾಲಾಳನ್ನು ತಳ್ಳಿದ, ಕಾವಲಿಗೆ ರಾಜನನ್ನೂ ಕರೆತಂದ.
ಅಷ್ಟರಲ್ಲಿ ಎದುರಾಳಿಗೆ ಹೋಗಲು ಮನೆಯೇ ಇಲ್ಲ,
ಚೆಕ್ಕೂ ಇಲ್ಲ. ಡ್ರಾ.
ಗೆಲುವನ್ನು ಅಪ್ಪಿ ಅಪ್ಪಿ ಉಸಿರುಗಟ್ಟಿಸಿದೆಯಲ್ಲೋ,
ಎಂದರು ಟೀಚರ್.
ಥೇಯಾ ಸಿ ಐದೆಂದಳು. ಅವನೂ ಒಂದು ಹೆಜ್ಜೆ ಬಂದು
ದಾರಿಗೆ ಅಡ್ಡ ನಿಂತ.
ಉಳಿದದ್ದನ್ನು ಮನೆಗೆ ಕಟ್ಟಿಕೊಟ್ಟರು.

ಬೆಳಗಿನ ನಾಲ್ಕಕ್ಕೆ ರೊಟ್ಟಿಯ ಸಾಲು.
ಅಂಗೈ ಮೇಲೆ ಶಾಯಿಪೆನ್ಸಿಲಿನ ನಂಬರು, ಇನ್ನೂರ ಹದಿನಾಲ್ಕು.
ಕತ್ತಲಲ್ಲಿ ರಿಯೋನಿ ನದಿ ಬರೀ ಸದ್ದು.
ತೋನೆಯ ಮಣ್ಣೊಲೆಯಿಂದ ಬೆಂದ ಹಿಟ್ಟಿನ ವಾಸನೆ
ಸಾಲಿನುದ್ದಕ್ಕೂ ನಡೆದು ಬಂದು
ಒಬ್ಬೊಬ್ಬರ ಮುಖ ಮೂಸಿ ಹೋಗುತ್ತಿತ್ತು.
ಕಾಲಡಿಯ ಹಾಸುಗಲ್ಲು ಚೌಕ ಚೌಕ.
ನನ್ನ ಬೂಟಿನಡಿಯದಕ್ಕೆ ಡಿ ಐದೆಂದು ಹೆಸರಿಟ್ಟೆ.

ಮುಂದಿದ್ದ ಮುದುಕ ಸಿಗರೇಟಿಗೆ ಬೆಂಕಿ ಕೇಳಲು
ಒಂದು ಹೆಜ್ಜೆ ಹಿಂದೆ ಬಂದ,
ಒಂದು ಹೆಜ್ಜೆ ಪಕ್ಕಕ್ಕೆ,
ಆಮೇಲೆ ಓರೆಯಾಗಿ ಕಾಲಿಟ್ಟು
ಹೊಗೆ ಬಿಡುತ್ತಾ
ತನ್ನ ಕಲ್ಲಿನ ಮೇಲೇ ನಿಂತ.

ಹಿಂದಕ್ಕೆ! ಡಿ ನಾಲ್ಕು!

ನಮಗೆ ಬಯಲಿದೆ, ಮೂರು ಹೆಜ್ಜೆಯ ಬಳಸುದಾರಿಯಿದೆ.
ಗೋಡೆಗೆ ಬೆನ್ನು ಹಚ್ಚಿದವನಿಗೆ
ಹೋಗುವುದು, ಬರುವುದು, ಎರಡೇ.
ಮೂರನೆಯ ಹೆಜ್ಜೆಗೆ ಐದೂ ಕಾಯಿ ಮೊದಲಿದ್ದಲ್ಲೇ,
ಕೋಟಿನ ಗುಂಡಿ ಕೂಡ.
ಸರದಿ ಮಾತ್ರ ಅವನದು.
ಸುಮ್ಮನಿದ್ದಿದ್ದರೆ ಬದುಕುತ್ತಿದ್ದ.
ಸುಮ್ಮನಿರುವ ಹಾಗಿಲ್ಲ.

"ಏ ಹುಡುಗಿ, ನಿನ್ನ ನಂಬರು!"
ಹಿಂದಿನಿಂದ ಯಾರೋ ಕೂಗಿದರು.
ನಾನಾಗಲೇ ಸೇತುವೆ ದಾಟಿದ್ದೆ.

ಬಾಗಿಲು ತೆರೆದ ಮಾರೇಖಿ
ಕೂದಲು ಕಟ್ಟಿರಲಿಲ್ಲ. ಪೂರ್ತಿ ಕೇಳಿಸಿಕೊಂಡರು.
ಶಾಭಾಸ್ ಅನ್ನಲಿಲ್ಲ.
"ಡಿ ನಾಲ್ಕಕ್ಕೆ ಅವನು ಸಿ ಏಳಕ್ಕೆ ಬಂದರೆ?"
"ಸಿ ಐದು. ಆಮೇಲೆ ಎತ್ತ ಸರಿದರೂ ಹೋದ."
"ಬಿ ಎಂಟಕ್ಕೆ ಹೋದರೆ?"

ಅದನ್ನು ನೋಡಿರಲಿಲ್ಲ.

"ರೊಟ್ಟಿ ಎಲ್ಲಿ?"
ಅಂಗೈ ತೋರಿಸಿದೆ. ಬೆವರಿಗೆ ಹದಿನಾಲ್ಕು ಅಳಿಸಿ
ಇನ್ನೂರು ಮಾತ್ರ ಉಳಿದಿತ್ತು.

ಮೇಜಿನ ಮೇಲೆ ನಿನ್ನೆಯ ರೊಟ್ಟಿ, ಮುಕ್ಕಾಲು ಮುಗಿದದ್ದು.
ಎದುರಿಗೆ ಕೂತೆ, ಕೈ ತೊಡೆಯ ಕೆಳಗೆ.
ಬಿ ಎಂಟು... ಅವನು ಮೂಲೆಯತ್ತ ಸರಿದರೆ...
ಒಳಗೆಲ್ಲೋ ಗಡಿಯಾರ ಟಿಕ್ಕೆನ್ನುತ್ತಿತ್ತು,
ಅಥವಾ ನನ್ನ ಹೊಟ್ಟೆ.

"ಸಿ ನಾಲ್ಕೇ," ಎಂದೆ. "ಅವನು ವಾಪಸ್ಸು ಬರಲೇಬೇಕು."

ಮಾರೇಖಿ ಚಾಕು ಎತ್ತಿಕೊಂಡರು.
"ಈಗ ಕೈ ತೆಗೆ."